90 ದಿನ ಉದ್ರಿ ಕೊಡುವ ಮುಂಚೆ ಕಂಪನಿಯ ಗಲ್ಲಾ ನೋಡಿ

ಪೀಣ್ಯದಲ್ಲಿ ರಟ್ಟಿನ ಡಬ್ಬಿ ಮಾಡುವ ಚಿಕ್ಕ ಫ್ಯಾಕ್ಟರಿ ನಿಮ್ಮದು ಅಂದುಕೊಳ್ಳಿ. ದೊಡ್ಡ ಕಂಪನಿಯೊಂದು 40 ಲಕ್ಷ ರೂಪಾಯಿಯ ಆರ್ಡರ್ ಕೊಡುತ್ತದೆ, ದುಡ್ಡು 90 ದಿನಕ್ಕೆ ಎನ್ನುತ್ತದೆ. ಕಂಪನಿ ಲಾಭದಲ್ಲಿದೆ, ಹೆಸರೂ ಇದೆ. ಆದರೆ ನಿಮ್ಮ ಬಿಲ್ ಚುಕ್ತಾ ಆಗಬೇಕಿರುವುದು ನಗದಿನಲ್ಲಿ ಅಲ್ವಾ? ಆ ನಗದು ಎಷ್ಟಿದೆ ಅಂತ ಅಳೆಯುವ ಲೆಕ್ಕವೇ ಕ್ಯಾಶ್ ರೇಶಿಯೋ. ಕೈಯಲ್ಲಿರುವ ನಗದನ್ನು ಒಂದು ವರ್ಷದೊಳಗೆ ತೀರಿಸಬೇಕಾದ ಬಾಕಿಯಿಂದ ಭಾಗಿಸಿದರೆ ಆಯಿತು.

ಮೊದಲು ಬ್ಯಾಲೆನ್ಸ್ ಶೀಟ್, ಅಂದರೆ ಕಂಪನಿಯ ಆಸ್ತಿ-ಬಾಕಿಗಳ ಪಟ್ಟಿ ಹುಡುಕಿ. ಲಿಸ್ಟೆಡ್ ಕಂಪನಿಯದ್ದು ಷೇರುಪೇಟೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ, ಮಾರ್ಚ್ 31ರದ್ದು ಮತ್ತು ಸೆಪ್ಟೆಂಬರ್ 30ರದ್ದು. ಪ್ರೈವೇಟ್ ಲಿಮಿಟೆಡ್ ಆದರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಣ್ಣ ಶುಲ್ಕ ಕಟ್ಟಿ ನೋಡಬಹುದು. ಸ್ಟ್ಯಾಂಡಲೋನ್ (ಆ ಒಂದೇ ಕಂಪನಿಯದ್ದು), ಕನ್ಸಾಲಿಡೇಟೆಡ್ (ಅಂಗಸಂಸ್ಥೆಗಳನ್ನೂ ಸೇರಿಸಿದ್ದು) ಅಂತ ಎರಡಿದ್ದರೆ, ನೀವು ಯಾರ ಹೆಸರಿಗೆ ಬಿಲ್ ಹಾಕುತ್ತೀರೋ ಅವರ ಸ್ಟ್ಯಾಂಡಲೋನ್ ತೆಗೆಯಿರಿ. ಅಂಗಸಂಸ್ಥೆಯ ಖಾತೆಯಲ್ಲಿರುವ ಹಣ ನಿಮ್ಮ ಬಿಲ್ಲಿಗೆ ಬಂದೇ ಬರುತ್ತದೆ ಅಂತ ನಂಬುವಂತಿಲ್ಲ.

ಈಗ ನಗದು ಕೂಡಿಸಿ. ಒಂದು ಕಲ್ಪಿತ ಕಂಪನಿಯ ಲೆಕ್ಕ ಹಿಡಿಯೋಣ. 'ಕ್ಯಾಶ್ ಅಂಡ್ ಕ್ಯಾಶ್ ಈಕ್ವಿವಲೆಂಟ್ಸ್' ಸಾಲಿನಲ್ಲಿ 18 ಕೋಟಿ. ಕೈನಗದು, ಚಾಲ್ತಿ ಖಾತೆ, 3 ತಿಂಗಳೊಳಗೆ ಕೈಗೆ ಬರುವ ಡೆಪಾಸಿಟ್ ಇದರಲ್ಲಿರುತ್ತವೆ. ಪೂರ್ತಿ ತೆಗೆದುಕೊಳ್ಳಿ. ಅದರ ಕೆಳಗೆ 'ಇತರ ಬ್ಯಾಂಕ್ ಬ್ಯಾಲೆನ್ಸ್' 14 ಕೋಟಿ. ಇಲ್ಲಿ ಸ್ವಲ್ಪ ನಿಲ್ಲಿ. ಪಕ್ಕದಲ್ಲಿರುವ ನೋಟ್ ನಂಬರ್ ಹಿಡಿದು ಹಿಂದಿನ ಪುಟಗಳಿಗೆ ಹೋಗಿ. ಅದರಲ್ಲಿ 9 ಕೋಟಿ ಬ್ಯಾಂಕ್ ಗ್ಯಾರಂಟಿಗೆ ಇಟ್ಟ ಮಾರ್ಜಿನ್ ಮನಿ ಅಂತ ಬರೆದಿದೆ. ಅಂದರೆ ಹಣ ಕಂಪನಿಯದೇ, ಆದರೆ ಬೀಗ ಬ್ಯಾಂಕಿನ ಕೈಯಲ್ಲಿ. ಅದನ್ನು ಬಿಡಿ, 5 ಕೋಟಿ ಮಾತ್ರ ಸೇರಿಸಿ. ಬೇಗ ನಗದು ಮಾಡಿಕೊಳ್ಳಬಹುದಾದ ಲಿಕ್ವಿಡ್ ಮ್ಯೂಚುವಲ್ ಫಂಡಿನಲ್ಲಿ 12 ಕೋಟಿ ಇದೆ, ಅದೂ ಸೇರಲಿ. ಬೇರೆ ಕಂಪನಿಗಳ ಷೇರು ಇದ್ದರೆ ನಾನಂತೂ ಸೇರಿಸುವುದಿಲ್ಲ. ಬೇಕಾದ ದಿನವೇ ಬೆಲೆ ಬಿದ್ದಿರಬಹುದು. ಒಟ್ಟು 35 ಕೋಟಿ.

ಬಾಕಿಯ ಕಡೆ ಅಷ್ಟು ಕಷ್ಟವಿಲ್ಲ. 'ಕರೆಂಟ್ ಲಯಬಿಲಿಟೀಸ್' ಮೊತ್ತ 95 ಕೋಟಿ. ಸಪ್ಲೈಯರ್‌ಗಳಿಗೆ ಕೊಡಬೇಕಾದದ್ದು, ಓವರ್‌ಡ್ರಾಫ್ಟ್, ದೊಡ್ಡ ಸಾಲದಲ್ಲಿ ಈ ವರ್ಷ ಕಟ್ಟಬೇಕಾದ ಕಂತು, ಎಲ್ಲ ಅದರಲ್ಲೇ ಇದೆ.

35 ÷ 95 = 0.37

ಅಂದರೆ ಪ್ರತಿ 1 ರೂಪಾಯಿ ಬಾಕಿಗೆ ಕೈಯಲ್ಲಿರುವುದು 37 ಪೈಸೆ. ಬೀಗ ಹಾಕಿದ 9 ಕೋಟಿಯನ್ನೂ ಸೇರಿಸಿದ್ದರೆ 46 ಪೈಸೆ ಕಾಣಿಸುತ್ತಿತ್ತು. ಇದೇ ಕಂಪನಿಯ ದಾಸ್ತಾನು 62 ಕೋಟಿ, ಗಿರಾಕಿಗಳಿಂದ ಬರಬೇಕಾದದ್ದು 50 ಕೋಟಿ ಅಂದುಕೊಳ್ಳಿ. ಇವನ್ನೂ, ಬೀಗ ಹಾಕಿದ ಹಣವನ್ನೂ ನಗದಿನ ಜೊತೆ ಕೂಡಿಸಿ ಅದೇ ಬಾಕಿಯಿಂದ ಭಾಗಿಸುವುದು ಕರೆಂಟ್ ರೇಶಿಯೋ. ಅದು 1.64 ಬರುತ್ತದೆ, ನೋಡಿದರೆ ಧೈರ್ಯ ಬರುವ ಅಂಕಿ. 2021ರ ಏಪ್ರಿಲ್‌ನಿಂದ ಕಂಪನಿಗಳು ವಾರ್ಷಿಕ ಲೆಕ್ಕದಲ್ಲಿ 11 ರೇಶಿಯೋ ಕೊಡಬೇಕು ಎಂಬ ನಿಯಮ ಬಂದಿದೆ. ಕರೆಂಟ್ ರೇಶಿಯೋ ಅದರಲ್ಲಿದೆ, ಕ್ಯಾಶ್ ರೇಶಿಯೋ ಇಲ್ಲ. ಹಾಗಾಗಿ ಇದನ್ನು ನಾವೇ ಕೂತು ಹಾಕಬೇಕು.

0.37 ಒಳ್ಳೆಯದೋ ಕೆಟ್ಟದ್ದೋ? ವ್ಯಾಪಾರ ನೋಡಿ ಹೇಳಬೇಕು. ದಿನಾ ಗಲ್ಲಾ ತುಂಬುವ ಸೂಪರ್‌ಮಾರ್ಕೆಟ್‌ಗೆ 0.1 ಇದ್ದರೂ ನಡೆದೀತು. ಬಿಲ್ ಪಾಸಾಗಲು ತಿಂಗಳುಗಟ್ಟಲೆ ಕಾಯುವ ಕಾಂಟ್ರಾಕ್ಟ್ ಕಂಪನಿಯಲ್ಲಿ ಅದೇ 0.1 ಕಂಡರೆ ನನಗೆ ಭಯ. ಒಂದೇ ವರ್ಷದ್ದು ನೋಡಿ ಬಿಡಬೇಡಿ, ಮೂರು ವರ್ಷದ್ದು ಹಾಕಿ. ಮಾರ್ಚ್ 31ಕ್ಕೆ ಮಾತ್ರ ನಗದು ಜಾಸ್ತಿ, ಸೆಪ್ಟೆಂಬರ್‌ಗೆ ಖಾಲಿ ಅಂತಾದರೆ, ವರ್ಷದ ಕೊನೆಗೆ ಸಪ್ಲೈಯರ್‌ಗಳ ಪೇಮೆಂಟ್ ತಡೆಹಿಡಿದಿರಬಹುದು.

ಇನ್ನೊಂದು ಪರೀಕ್ಷೆ ನನಗೆ ಎಲ್ಲಕ್ಕಿಂತ ಮುಖ್ಯ. ಆ ನಗದು ನಿಜವಾಗಿ ಇದೆಯಾ? ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ 2008ರ ಸೆಪ್ಟೆಂಬರ್ 30ಕ್ಕೆ 5,361 ಕೋಟಿ ನಗದು ಮತ್ತು ಬ್ಯಾಂಕ್ ಬ್ಯಾಲೆನ್ಸ್ ತೋರಿಸಿತ್ತು. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡರು. ಬರಬೇಕಾದ ಬಡ್ಡಿ ಅಂತ ತೋರಿಸಿದ್ದ 376 ಕೋಟಿಯೂ ಸುಳ್ಳು. ಅಂಥ ಲೆಕ್ಕಕ್ಕೆ ಕ್ಯಾಶ್ ರೇಶಿಯೋ ಹಾಕಿದರೆ ಬೊಂಬಾಟ್ ಉತ್ತರವೇ ಬರುತ್ತದೆ. ಹಾಗಾಗಿ ಕ್ಯಾಶ್ ಫ್ಲೋ ಪಟ್ಟಿಯಲ್ಲಿ, ಅಂದರೆ ವರ್ಷದಲ್ಲಿ ಬಂದ-ಹೋದ ನಗದಿನ ಲೆಕ್ಕದಲ್ಲಿ, 'ಬಂದ ಬಡ್ಡಿ' ನೋಡಿ. ನೂರಾರು ಕೋಟಿ ಡೆಪಾಸಿಟ್ ಇಟ್ಟೂ ಬಡ್ಡಿ ಅಷ್ಟಕ್ಕಷ್ಟೇ ಬಂದಿದ್ದರೆ, ನಗದಿದ್ದೂ ದುಬಾರಿ ಬಡ್ಡಿಗೆ ಸಾಲ ಎತ್ತುತ್ತಿದ್ದರೆ, ಯಾಕೆ ಅಂತ ಕೇಳಲೇಬೇಕು.

ಕಂಪನಿಗೆ ಕ್ರೆಡಿಟ್ ರೇಟಿಂಗ್ (ಸಾಲ ತೀರಿಸುವ ಶಕ್ತಿಗೆ ಕೊಡುವ ಅಂಕ) ಇದ್ದರೆ ರೇಟಿಂಗ್ ಸಂಸ್ಥೆಯ ಟಿಪ್ಪಣಿ ಓದಿ, ಉಚಿತವಾಗಿ ಸಿಗುತ್ತದೆ. ಅದರಲ್ಲಿ ಲಿಕ್ವಿಡಿಟಿ, ಅಂದರೆ ಕೈಗೆ ಸಿಗುವ ಹಣದ ಬಗ್ಗೆಯೇ ಒಂದು ಭಾಗ ಇರುತ್ತದೆ. 'ಸ್ಟ್ರೆಚ್ಡ್' ಅಂತ ಬರೆದಿದ್ದರೆ ಕೈ ಬಿಗಿಯಾಗಿದೆ ಎಂದರ್ಥ. ಬ್ಯಾಂಕ್ ಲಿಮಿಟ್, ಅಂದರೆ ಬ್ಯಾಂಕ್ ಕೊಡಲು ಒಪ್ಪಿದ ಸಾಲ, ಇನ್ನೂ ಎಷ್ಟು ಉಳಿದಿದೆ ಅನ್ನುವುದೂ ಎಷ್ಟೋ ಸಲ ಅಲ್ಲೇ ಸಿಗುತ್ತದೆ, ಅದು ಕ್ಯಾಶ್ ರೇಶಿಯೋದಲ್ಲಿ ಕಾಣುವುದಿಲ್ಲ.

ನಮ್ಮ 0.37 ಕಂಪನಿಯ ಆರ್ಡರನ್ನು ನಾನಾದರೆ ಬಿಡುವುದಿಲ್ಲ. ಆದರೆ 90 ದಿನಕ್ಕೆ ಒಪ್ಪುವುದೂ ಇಲ್ಲ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಇರುವ ಸಣ್ಣ ಘಟಕಕ್ಕೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಆ ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಹಾಕಿ, 10 ಲಕ್ಷ ಅಡ್ವಾನ್ಸ್ ಕೇಳಿ, ಮೊದಲ ಲೋಡಿನ ಹಣ ಬಂದ ಮೇಲೆಯೇ ಎರಡನೇ ಲೋಡು ಕಳಿಸುತ್ತೇನೆ.