ಬೊಂಬೆ ಹಬ್ಬದ ಸಾಮಾನಿನಲ್ಲೇ ವಾರ್‌ಗೇಮ್ ಟೆರೇನ್

ಪುಟ್ಟ ಸೈನಿಕರ ಬೊಂಬೆಗಳನ್ನು ಮೇಜಿನ ಮೇಲೆ ನಡೆಸಿ ಯುದ್ಧ ಆಡುವ ವಾರ್‌ಗೇಮ್‌ನ ಟೇಬಲ್‌ಗೆ ಕಾಡು, ಬೇಲಿ, ಮನೆ ಬೇಕು ಅಂತ ಹೊರದೇಶದಿಂದ ರೆಡಿಮೇಡ್ ಟೆರೇನ್ (ರಣರಂಗದ ಪುಟ್ಟ ಮಾದರಿಗಳು) ತರಿಸಬೇಡಿ. ದಸರೆಗೆ ಮುಂಚೆ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲೋ ಗಾಂಧಿ ಬಜಾರಿನಲ್ಲೋ ಸುತ್ತಾಡಿ, ಬೊಂಬೆ ಕೂರಿಸುವವರು ಪಾರ್ಕ್ ಮಾಡಲು ಕೊಳ್ಳುವ ಪುಟ್ಟ ಮರ, ಬೇಲಿ, ಬಾವಿ ಎಲ್ಲ ನೋಡಿ. ಡಿಸೆಂಬರ್‌ನಲ್ಲಾದರೆ ಕಮರ್ಷಿಯಲ್ ಸ್ಟ್ರೀಟ್ ಕಡೆ ಗೇಣುದ್ದದ ಕ್ರಿಸ್‌ಮಸ್ ಮರ ಹುಡುಕಿ. ಚೌಕಾಸಿ ಮಾಡಿ, ನಾಚಿಕೆ ಏನಿಲ್ಲ.

ಅಳತೆ ನೋಡಲು ಜೇಬಿನಲ್ಲಿ ಒಬ್ಬ ಆಟದ ಸೈನಿಕ ಇರಲಿ. ನಿಮ್ಮದು 28 ಮಿ.ಮೀ. ಆಟವಾದರೆ (ಅಂದರೆ ಸೈನಿಕನ ಎತ್ತರ ಸುಮಾರು ಅಷ್ಟು) ಮನೆಯ ಬಾಗಿಲು 35ರಿಂದ 40 ಮಿ.ಮೀ. ಎತ್ತರ ಇದ್ದರೆ ಸರಿ, ಯಾಕೆಂದರೆ ಸೈನಿಕನ ಕಾಲಡಿ ಬೇಸ್ (ನಿಲ್ಲಿಸುವ ಬಿಲ್ಲೆ) ಕೂಡ ಇರುತ್ತದಲ್ವಾ. ಮರ ಸ್ವಲ್ಪ ಗಿಡ್ಡ ಇದ್ದರೂ ನಡೆಯುತ್ತದೆ. ಬಾಗಿಲು ತಪ್ಪಿದರೆ ಮಾತ್ರ ಇಡೀ ಮನೆ ಆಟಿಕೆಯಂತೆ ಕಾಣುತ್ತದೆ.

ನಿಜವಾದ ಕೆಲಸ ಹೊಳಪು ಕೊಲ್ಲುವುದು. ಪ್ಲಾಸ್ಟಿಕ್ ಸಾಮಾನನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಮಿಂಚು ಉದುರುತ್ತಿದ್ದರೆ ನೀರು ಬೆರೆಸಿದ ಫೆವಿಕಾಲ್ ಬಳಿದುಬಿಡಿ. ಆಮೇಲೆ ಕಪ್ಪು ಪ್ರೈಮರ್, ಅದರ ಮೇಲೆ ಗಾಢ ಬಣ್ಣ, ಕೊನೆಗೆ ತಿಳಿ ಬಣ್ಣದಲ್ಲಿ ಅದ್ದಿದ ಬ್ರಷ್ಷನ್ನು ಹಳೇ ಬಟ್ಟೆಗೆ ಚೆನ್ನಾಗಿ ಒರೆಸಿ, ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು ಉಳಿದಾಗ ಉಬ್ಬುಗಳ ಮೇಲೆ ಮಾತ್ರ ಸವರಿ. ಬೇರೆ ಬೇರೆ ಅಂಗಡಿಯ ಸಾಮಾನಿಗೂ ಇದೇ ಮೂರು ಬಣ್ಣ ಹಚ್ಚಿದರೆ ಎಲ್ಲ ಒಂದೇ ಊರಿನದಾಗುತ್ತದೆ. ಥರ್ಮಾಕೋಲ್ ಗುಡ್ಡಕ್ಕೆ ಸ್ಪ್ರೇ ಕ್ಯಾನ್ ನೇರವಾಗಿ ಹೊಡೆಯಬೇಡಿ, ಅದರ ಸಾಲ್ವೆಂಟ್‌ಗೆ ಥರ್ಮಾಕೋಲ್ ಕರಗುತ್ತದೆ. ಮೊದಲು ಫೆವಿಕಾಲ್ ಅಥವಾ ಅಕ್ರಿಲಿಕ್ ಬಣ್ಣವನ್ನು ಬ್ರಷ್‌ನಲ್ಲಿ ದಪ್ಪಗೆ ಬಳಿಯಿರಿ, ಒಂದು ಚುಕ್ಕೆಯೂ ಬಿಡದಂತೆ. ಮಳೆಗಾಲದ ತೇವದಲ್ಲಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಬೇಡ. ಮೇಲೆಲ್ಲ ಬಿಳಿ ಮಬ್ಬು ಕೂರುತ್ತದೆ.

ಕಾಡಿನ ತಳಕ್ಕೆ 3 ಮಿ.ಮೀ. ದಪ್ಪದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು ಸಾಕು. ಎರಡೂ ಬದಿ ಬಣ್ಣ ಬಳಿಯಿರಿ, ಒಂದೇ ಬದಿ ಒದ್ದೆಯಾದರೆ ಬಾಗುತ್ತದೆ. ಮೇಲೆ ಫೆವಿಕಾಲ್ ಹಚ್ಚಿ ಜರಡಿ ಹಿಡಿದ ಮರಳು ಉದುರಿಸಿ (ಅಡುಗೆಮನೆಯ ಜರಡಿ ಮುಟ್ಟಬೇಡಿ, ಬೈಗುಳ ಖಂಡಿತ), ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ಒಣ ಹುಲ್ಲು ನೆಡಿ. ಮರಗಳನ್ನು ಮಾತ್ರ ಅಂಟಿಸಬೇಡಿ. ಒಂದೊಂದನ್ನೂ ಕಬ್ಬಿಣದ ವಾಷರ್ ಮೇಲೆ ನಿಲ್ಲಿಸಿ. ಹತ್ತು ಜನರ ದಳ ಒಳಗೆ ನುಗ್ಗಿದಾಗ ಮರ ಎತ್ತಿ ಪಕ್ಕಕ್ಕಿಡಬಹುದು, ಎಂಡಿಎಫ್ ಅಂಚೇ ಕಾಡಿನ ಗಡಿ ಅಂತ ಮೊದಲೇ ಮಾತಾಡಿಕೊಂಡಿದ್ದರೆ ಕವರ್ (ಗುಂಡಿನಿಂದ ಮರೆ) ಸಿಕ್ಕಿತಾ ಇಲ್ಲವಾ ಅನ್ನುವ ಜಗಳವೂ ಇಲ್ಲ.