ಮಳೆಗಾಲದಲ್ಲೂ ಎಆರ್‌ಟಿ ತಪ್ಪದಿರಲಿ: ಡಾಕ್ಟರ ಜೊತೆ ವಿಡಿಯೊ ಭೇಟಿ ಹೀಗೆ

ಎಚ್‌ಐವಿ ಇರುವವರು ವೈರಸ್ ಹತ್ತಿಕ್ಕುವ ಎಆರ್‌ಟಿ ಮಾತ್ರೆಯನ್ನು ದಿನವೂ ತಪ್ಪದೆ ನುಂಗಿದರೆ ಎಲ್ಲರ ಹಾಗೆ ತೋಟ, ಗದ್ದೆ, ಸಂಸಾರ ನೋಡಿಕೊಂಡು ಬಾಳಬಹುದು. ಮಲೆನಾಡಿನವರಿಗೆ ಮಾತ್ರೆ ನುಂಗುವುದಕ್ಕಿಂತ ಅದಕ್ಕಾಗಿ ಓಡಾಡುವುದೇ ಕಷ್ಟ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ಆಗುಂಬೆ ಕಡೆಯವರಿಗೆ ಇನ್ನೂ ಜಾಸ್ತಿ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜ್ ಬೇರೆ. ‘ಎಲ್ಲಿಗೆ ಹೊರಟ್ರಿ?’ ಎಂದು ಬಸ್ಸಿನಲ್ಲಿ ಕೇಳುವವರಿಗೆ ಏನಾದರೂ ಹೇಳಬೇಕು. ಜೋರು ಮಳೆಗೋ, ಅಡಿಕೆ ಕೊಯ್ಲಿಗೋ ಒಂದು ತಾರೀಖು ತಪ್ಪುತ್ತದೆ. ಬೈಸಿಕೊಳ್ಳುವ ಹೆದರಿಕೆಗೆ ಮುಂದಿನದೂ ತಪ್ಪುತ್ತದೆ. ಆಮೇಲೆ ಆ ಕಡೆ ಹೋಗುವುದೇ ನಿಂತುಬಿಡುತ್ತದೆ.

ಈ ಎಳೆ ಕಡಿಯದಂತೆ ನೋಡಿಕೊಳ್ಳಲು ವಿಡಿಯೊ ಕರೆ ಒಳ್ಳೆಯ ದಾರಿ. ಅಮೆರಿಕದಲ್ಲಿ ಮಾಜಿ ಸೈನಿಕರ ಆರೋಗ್ಯ ಇಲಾಖೆ ಇದನ್ನು ಮಾಡಿದೆ. ಹಳ್ಳಿಯ ರೋಗಿ ಹತ್ತಿರದ ಸಣ್ಣ ಕ್ಲಿನಿಕ್ಕಿನಲ್ಲಿ ಕೂರುತ್ತಾರೆ, ದೂರದ ನಗರದ ಎಚ್‌ಐವಿ ತಜ್ಞರು ಪರದೆಯ ಮೇಲೆ ಮಾತಾಡುತ್ತಾರೆ. ನಮ್ಮಲ್ಲೂ 2020ರ ಮಾರ್ಚ್‌ನಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದಿದೆ. ಡಾಕ್ಟರು ವಿಡಿಯೊದಲ್ಲಿ ನೋಡಿ ಸಲಹೆ ಕೊಡಬಹುದು.

ಮೊದಲು ಕೇಂದ್ರದಲ್ಲೇ ಕೇಳಿ

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೋ, ಬೇರೆ ಯಾವುದೋ, ನೀವು ಮಾತ್ರೆ ತರುವ ಎಆರ್‌ಟಿ ಕೇಂದ್ರಕ್ಕೆ ಮುಂದಿನ ಸಲ ಹೋದಾಗ ಕೌನ್ಸೆಲರ್ ಹತ್ತಿರ ನೇರವಾಗಿ ಕೇಳಿ. ವಿಡಿಯೊದಲ್ಲಿ ಮಾತಾಡಲು ಆಗುತ್ತದಾ? ಯಾವ ನಂಬರಿನಿಂದ ಕರೆ ಬರುತ್ತದೆ? ಎಷ್ಟು ಹೊತ್ತಿಗೆ? ನೆಟ್‌ವರ್ಕ್ ಸಿಗದಿದ್ದರೆ ಮತ್ತೆ ಯಾವಾಗ? ಉತ್ತರ ಬರೆದುಕೊಂಡೇ ಹೊರಡಿ. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಹತೋಟಿಯಲ್ಲಿ ಇರುವವರಿಗೆ ಒಮ್ಮೆಗೇ ಎರಡು-ಮೂರು ತಿಂಗಳ ಮಾತ್ರೆ ಕೊಡುವ ಪದ್ಧತಿ ಇದೆ. ಅದನ್ನೂ ವಿಚಾರಿಸಿ. ಆ ತಿಂಗಳುಗಳ ನಡುವೆ ವಿಡಿಯೊ ಕರೆ ಇಟ್ಟುಕೊಂಡರೆ ಓಡಾಟ ತುಂಬಾ ಕಡಿಮೆಯಾಗುತ್ತದೆ.

ರಕ್ತ ಪರೀಕ್ಷೆಗೆ ಮಾತ್ರ ಹೋಗಲೇಬೇಕು. ಚಿಕಿತ್ಸೆ ಶುರುವಾಗಿ 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ವೈರಲ್ ಲೋಡ್ ನೋಡುತ್ತಾರೆ. ರಕ್ತ ಕೊಡುವ ದಿನವೇ ಮಾತ್ರೆಯೂ ಸಿಗುವಂತೆ ತಾರೀಖು ಕೇಳಿಕೊಳ್ಳಿ. ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಇಷ್ಟು ದೊಡ್ಡ ನೆಮ್ಮದಿಯ ಸುದ್ದಿ ಇನ್ನೂ ಎಷ್ಟೋ ಮನೆಗಳಿಗೆ ತಲುಪಿಲ್ಲ.

ಎಲ್ಲಿ ಕೂತು ಮಾತಾಡುವುದು?

ನಮ್ಮ ಕಡೆ ನಿಜವಾದ ತೊಡಕು ಇದೇ. ಮನೆಯೊಳಗೆ ಗುಟ್ಟಾಗಿ ಮಾತಾಡೋಣ ಅಂದರೆ ನೆಟ್‌ವರ್ಕ್ ಇಲ್ಲ. ನೆಟ್‌ವರ್ಕ್ ಸಿಗುವ ಗುಡ್ಡದ ತುದಿ, ಬಸ್ ಸ್ಟಾಪ್, ಸೊಸೈಟಿ ಅಂಗಡಿ ಎದುರು ಊರಿಗೆ ಊರೇ ಫೋನ್ ಹಿಡಿದು ನಿಂತಿರುತ್ತದೆ. ಹಾಗಾಗಿ ಕರೆಯ ಹಿಂದಿನ ದಿನ, ಅದೇ ಹೊತ್ತಿಗೆ ಹೋಗಿ ಜಾಗ ನೋಡಿಕೊಂಡು ಬನ್ನಿ. ತೋಟದ ಅಂಚಿನಲ್ಲಿ ಎರಡು ಗೆರೆ ಸಿಗ್ನಲ್ ಸಿಕ್ಕರೂ ಸಾಕು.

ಇಯರ್‌ಫೋನ್ ಹಾಕಿಕೊಳ್ಳಿ. ಆಗ ಡಾಕ್ಟರ ಮಾತು ಪಕ್ಕದವರಿಗೆ ಕೇಳುವುದಿಲ್ಲ. ‘ಹೌದು, ಇಲ್ಲ ಅಂತ ಹೇಳುವ ಹಾಗೆ ಪ್ರಶ್ನೆ ಕೇಳಿ’ ಎಂದು ಕೌನ್ಸೆಲರ್‌ಗೆ ಮೊದಲೇ ಹೇಳಿಡಿ. ಯಾರಾದರೂ ಹತ್ತಿರ ಬಂದರೆ ಹೇಳಲು ಒಂದು ಮಾತನ್ನೂ ಅವರ ಜೊತೆ ಗೊತ್ತು ಮಾಡಿಕೊಳ್ಳಿ. ನೀವು ‘ಅಡಿಕೆ ಕೊಳೆ ರೋಗಕ್ಕೆ ಔಷಧಿ ಹೊಡೆಸಿದ್ದೀನಿ’ ಅಂದರೆ ಆ ಕಡೆಯ ಡಾಕ್ಟರೋ ಕೌನ್ಸೆಲರೋ ಕರೆ ನಿಲ್ಲಿಸಿ ಆಮೇಲೆ ಮಾಡಲಿ. ಮಲೆನಾಡಿನಲ್ಲಿ ಆ ಮಾತಿಗೆ ಯಾರೂ ತಿರುಗಿ ನೋಡುವುದಿಲ್ಲ.

ಮನೆಯವರೆಲ್ಲ ಒಂದೇ ಫೋನ್ ಬಳಸುವುದಾದರೆ ಇನ್ನಷ್ಟು ಎಚ್ಚರ ಬೇಕು. ಕೇಂದ್ರದ ನಂಬರನ್ನು ನಿಮಗಷ್ಟೇ ಗೊತ್ತಾಗುವ ಹೆಸರಿನಲ್ಲಿ ಸೇವ್ ಮಾಡಿ. ಬಂದ ಮೆಸೇಜ್ ಲಾಕ್ ಪರದೆಯ ಮೇಲೆ ಕಾಣದಂತೆ ಸೆಟ್ಟಿಂಗ್ ಬದಲಿಸಿ. ಮಾತ್ರೆ ಡಬ್ಬಿ, ಹಸಿರು ಪುಸ್ತಕದ (ಎಆರ್‌ಟಿ ಕೇಂದ್ರ ಕೊಡುವ ಚಿಕಿತ್ಸೆಯ ದಾಖಲೆ ಪುಸ್ತಕ) ಫೋಟೊ ಕಳಿಸಿದ ಮೇಲೆ ಗ್ಯಾಲರಿಯಿಂದಲೂ ಅಳಿಸಿ.

ಎಲ್ಲೂ ಆಗದಿದ್ದರೆ ಸರ್ಕಾರದ ಇ-ಸಂಜೀವಿನಿ ಇದೆ. ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಡಾಕ್ಟರಿಗೆ ವಿಡಿಯೊ ಜೋಡಿಸಿಕೊಡುತ್ತಾರೆ. ಜ್ವರ, ಕೆಮ್ಮು, ಬಿಪಿಯಂಥ ತೊಂದರೆಗೆ ಅದು ಅನುಕೂಲ. ಎಆರ್‌ಟಿ ಮಾತ್ರೆಗೆ ಮಾತ್ರ ನಿಮ್ಮ ಕೇಂದ್ರವೇ ಬೇಕು. ಊರಿನವರ ಕಣ್ಣು ತಪ್ಪಿಸಬೇಕು ಅನ್ನಿಸಿದರೆ ಪಕ್ಕದ ಊರಿನ ಆರೋಗ್ಯ ಮಂದಿರಕ್ಕೆ ಹೋಗಿ. ಎಚ್‌ಐವಿ ಕಾಯ್ದೆ, 2017ರ ಪ್ರಕಾರ ಆರೋಗ್ಯ ಸಿಬ್ಬಂದಿ ನಿಮ್ಮ ವಿಷಯವನ್ನು ನಿಮ್ಮ ಒಪ್ಪಿಗೆ ಇಲ್ಲದೆ ನೆಂಟರಿಗೋ ನೆರೆಯವರಿಗೋ ಹೇಳುವಂತಿಲ್ಲ.

ಕರೆಗೆ ಮುಂಚೆ, ಕರೆಯಲ್ಲಿ

ಹಿಂದಿನ ರಾತ್ರಿಯೇ ಫೋನ್ ಚಾರ್ಜ್ ಮಾಡಿ. ಮಳೆ ಹಿಡಿದರೆ ಕರೆಂಟಿನ ಭರವಸೆ ಇಲ್ಲ ಅಲ್ವಾ? ಹಸಿರು ಪುಸ್ತಕ, ಮಾತ್ರೆ ಡಬ್ಬಿ ಕೈಗೆ ಸಿಗಲಿ. ತೂಕ ನೋಡಿಕೊಂಡಿರಿ. ಡಬ್ಬಿಯಲ್ಲಿ ಎಷ್ಟು ಮಾತ್ರೆ ಉಳಿದಿದೆ ಎಂದು ಎಣಿಸಿ. ದಿನಕ್ಕೊಂದರಂತೆ 30 ಮಾತ್ರೆಯ ಡಬ್ಬಿ ಶುರುವಾಗಿ 20 ದಿನ ಆಗಿದ್ದರೆ 10 ಉಳಿದಿರಬೇಕು. ಜಾಸ್ತಿ ಉಳಿದಿದ್ದರೆ ಹಾಗೇ ಹೇಳಿ. ಯಾವ ದಿನ ತಪ್ಪಿತು, ಯಾಕೆ ತಪ್ಪಿತು ಎಂದು ತಿಳಿದರೆ ಡಾಕ್ಟರು ದಾರಿ ಹುಡುಕುತ್ತಾರೆ. ಸುಮ್ನೆ ‘ಎಲ್ಲಾ ಸರಿ ಇದೆ’ ಅಂದರೆ ಕರೆ ಮಾಡಿಯೂ ಪ್ರಯೋಜನ ಇಲ್ಲ.

ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು: ಈ ನಾಲ್ಕರಲ್ಲಿ ಒಂದಿದ್ದರೂ ಅವರು ಕೇಳುವ ಮೊದಲೇ ತಿಳಿಸಿ. ಕ್ಷಯ ಇದೆಯಾ ಎಂದು ನೋಡಬೇಕಾಗುತ್ತದೆ. ಬೇರೆ ಔಷಧಿ, ನಾಟಿ ಔಷಧಿ, ಕಷಾಯ ಏನಿದ್ದರೂ ಕ್ಯಾಮೆರಾಗೆ ತೋರಿಸಿ. ಈಗ ಹೆಚ್ಚಿನವರಿಗೆ ಕೊಡುವ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಇರುತ್ತದೆ. ಎದೆಯುರಿಯ ಆಂಟಾಸಿಡ್ ಸಿರಪ್, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಜೊತೆಗೆ ಸೇರಿದರೆ ಅದು ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಇವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುವುದು ಕ್ಷೇಮ.

ಚಿತ್ರ ನಿಂತು ನಿಂತು ಬಂದರೆ ಮುಖ, ಚರ್ಮದ ಗುಳ್ಳೆ, ಡಬ್ಬಿ ತೋರಿಸುವಷ್ಟು ಹೊತ್ತು ವಿಡಿಯೊ ಇಟ್ಟು, ಉಳಿದದ್ದನ್ನು ಮಾಮೂಲಿ ಕರೆಯಲ್ಲಿ ಮುಗಿಸಿ.

ವಿಡಿಯೊಗೆ ಕಾಯಬಾರದ ಹೊತ್ತು

ಉಸಿರಾಟದ ತೊಂದರೆ, ವಾಂತಿ ಜೊತೆ ಜೋರು ತಲೆನೋವು, ಫಿಟ್ಸ್, ಮಾತು ತೊದಲುವುದು, ಕಣ್ಣು ಹಳದಿಯಾಗುವುದು, ಬಾಯಿಹುಣ್ಣಿನ ಜೊತೆ ಮೈತುಂಬ ಗುಳ್ಳೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಜ್ವರವನ್ನೂ ಹಗುರವಾಗಿ ನೋಡಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಬೇಸಿಗೆಯಲ್ಲಿ ಇನ್ನೂ ಕಾಡುತ್ತದೆ, ಮಳೆಗಾಲಕ್ಕೆ ಇಲಿ ಜ್ವರ ಇದೆ. ರಕ್ತ ಪರೀಕ್ಷೆ ಮಾಡದೆ ಇವು ಗೊತ್ತಾಗುವುದಿಲ್ಲ. ಗರ್ಭಿಣಿ ಎಂದು ತಿಳಿದ ಕೂಡಲೇ ಕೇಂದ್ರಕ್ಕೆ ತಿಳಿಸಿ. ಚಿಕಿತ್ಸೆ ಸರಿಯಾಗಿ ನಡೆದರೆ ಮಗುವಿಗೆ ಹರಡದಂತೆ ತಡೆಯಬಹುದು.

ಕಾಫಿ ತೋಟದ ಕೆಲಸಕ್ಕೆಂದು ಬೇರೆ ಜಿಲ್ಲೆಗೆ ಹೋದವರು ಹಸಿರು ಪುಸ್ತಕ ಜೊತೆಗಿಟ್ಟುಕೊಳ್ಳಿ. ಮಾತ್ರೆ ಮುಗಿಯುವ ಮೊದಲೇ ಅಲ್ಲಿನ ಎಆರ್‌ಟಿ ಕೇಂದ್ರದಲ್ಲಿ ವಿಚಾರಿಸಿ. ತಿಂಗಳುಗಟ್ಟಲೆ ಬಿಟ್ಟವರೂ ವಾಪಸ್ ಬರಬಹುದು. ಮನೆಯಲ್ಲಿ ಉಳಿದ ಹಳೇ ಮಾತ್ರೆಯನ್ನು ನೀವೇ ಶುರು ಮಾಡಬೇಡಿ, ಮೊದಲು ಕೇಂದ್ರಕ್ಕೆ ಫೋನ್ ಮಾಡಿ. ಆ ನಂಬರ್ ಕಳೆದುಹೋಗಿದ್ದರೆ 1097ಕ್ಕೆ ಮಾಡಿ. ಇದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಕರೆಗೆ ದುಡ್ಡಿಲ್ಲ.