ನಾಯಿಮರಿಗೆ ಲಸಿಕೆ: ನಾವೇ ಚುಚ್ಚುವುದಾ, ಡಾಕ್ಟರ್ ಹತ್ತಿರ ಹೋಗುವುದಾ?

ಸೂಜಿ ಚುಚ್ಚುವುದು ದೊಡ್ಡ ಕೆಲಸವೇನಲ್ಲ. ದನ ಸಾಕಿದವರಿಗೆ, ಮನೆಯಲ್ಲಿ ಅಜ್ಜಿಗೆ ಇನ್ಸುಲಿನ್ ಕೊಟ್ಟವರಿಗೆ ಅದು ಗೊತ್ತು. ಮರಿಯ ಕತ್ತಿನ ಹಿಂದಿನ ಸಡಿಲ ಚರ್ಮ ಎತ್ತಿ ಹಿಡಿದು ಒಂದು ಎಂಎಲ್ ಒಳಗೆ ಬಿಟ್ಟರೆ ಮುಗಿಯಿತು, ಅದು ಕುಂಯ್ ಅನ್ನುವಷ್ಟರಲ್ಲಿ. ಲಸಿಕೆ ಅಂಗಡಿಯಲ್ಲೇ ಸಿಗುತ್ತದೆ, ಸುಮ್ನೆ ಡಾಕ್ಟರ್ ಫೀಸು ಯಾಕೆ ದಂಡ ಅಂತ ಅನ್ನಿಸುವುದು ಸಹಜ. ನನಗೂ ಹಾಗೇ ಅನ್ನಿಸಿತ್ತು.

ಒಂದು ಬೇಸಿಗೆಯಲ್ಲಿ ಪೇಟೆಯಿಂದ ಲಸಿಕೆ ತಂದೆ. ಶರ್ಟಿನ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಂದೂವರೆ ಗಂಟೆ ಬಂದು, ನಾನೇ ಚುಚ್ಚಿದೆ. ನಲವತ್ತೈದು ದಿನಕ್ಕೆ ಒಂದು, ಮೂರು ವಾರ ಬಿಟ್ಟು ಇನ್ನೊಂದು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮರಿಗೆ ಮೂರು ತಿಂಗಳಾಗುವಾಗ ವಾಂತಿ, ಆಮೇಲೆ ರಕ್ತಭೇದಿ. ಪಾರ್ವೊ, ಮರಿಗಳ ಕರುಳಿಗೆ ಹತ್ತುವ ವೈರಸ್ ಕಾಯಿಲೆ. ಐದು ದಿನ ಡ್ರಿಪ್ ಹಾಕಿಸಿದರೂ ಉಳಿಯಲಿಲ್ಲ. ಲಸಿಕೆ ಬಿಸಿಗೆ ಕೆಟ್ಟಿತ್ತೋ, ಇನ್ನೂ ಒಂದು ಡೋಸ್ ಬೇಕಿತ್ತೋ, ಹೇಳುವುದು ಕಷ್ಟ. ಎರಡರಲ್ಲೂ ನಾನು ತಪ್ಪಿದ್ದೆ.

ಮೊದಲು ಬಿಸಿಯ ವಿಷಯ. ಈ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇಡಬೇಕು, ಕಂಪನಿಯಿಂದ ಸೂಜಿಯ ತನಕ. ಪಾರ್ವೊ, ಡಿಸ್ಟೆಂಪರ್ (ಇದೂ ನಾಯಿಗಳ ಒಂದು ವೈರಸ್ ಕಾಯಿಲೆ) ಲಸಿಕೆಯಲ್ಲಿ ಬಲ ಕಳೆದ ಜೀವಂತ ವೈರಸ್ ಇರುತ್ತದೆ. ಸಣ್ಣ ಬಾಟಲಿಯ ತಳದಲ್ಲಿ ಒಣಗಿದ ಬಿಲ್ಲೆಯ ಹಾಗೆ ಕಾಣುವುದು ಅದೇ. ಬಿಸಿ ತಾಗಿದರೆ ಅದು ಸಾಯುತ್ತದೆ, ಆದರೆ ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ. ನೀವು ಚುಚ್ಚಿದ್ದು ಬರೀ ನೀರು ಅಂತ ಗೊತ್ತಾಗುವುದು ಮರಿ ಮಲಗಿದ ಮೇಲೆ. ರೇಬೀಸ್ ಲಸಿಕೆಯದು ಉಲ್ಟಾ ತೊಂದರೆ, ಅದು ಹೆಪ್ಪುಗಟ್ಟಿದರೂ ಕೆಡುತ್ತದೆ, ಹಾಗಾಗಿ ಫ್ರೀಜರಿನಲ್ಲಿ ಇಡುವ ಹಾಗಿಲ್ಲ. ಇನ್ನೊಂದು, ನಮ್ಮ ಕಡೆ ಬಹಳ ಜನ ಮಾಡುವ ತಪ್ಪು: ಸಿರಿಂಜನ್ನು ಸ್ಪಿರಿಟ್‌ನಲ್ಲಿ ತೊಳೆಯುವುದು. ಒಳಗೆ ಸ್ಪಿರಿಟ್ ಉಳಿದರೆ ಆ ಜೀವಂತ ವೈರಸ್ ಅಲ್ಲೇ ಸತ್ತುಹೋಗುತ್ತದೆ. ಮರಿ ಚಿಕ್ಕದು ಅಂತ ಅರ್ಧ ಡೋಸ್ ಕೊಟ್ಟು ಉಳಿದರ್ಧ ಅದರ ತಂಗಿಗೆ ಹಾಕುವುದೂ ತಪ್ಪು. ಪೊಮೆರೇನಿಯನ್ ಆಗಲಿ ಮುಧೋಳ ಆಗಲಿ, ಒಂದು ಮರಿಗೆ ಪೂರ್ತಿ ಒಂದು ಡೋಸ್.

ಇನ್ನು ಲೆಕ್ಕದ ವಿಷಯ. ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣು ಹಾಲಿನಿಂದ ಮರಿಗೆ ತಾಯಿಯ ರಕ್ಷಣೆ ಬಂದಿರುತ್ತದೆ. ಒಳ್ಳೆಯದೇ, ಆದರೆ ಅದೇ ರಕ್ಷಣೆ ನಾವು ಕೊಡುವ ಲಸಿಕೆಯನ್ನೂ ಹೊಡೆದುಹಾಕುತ್ತದೆ. ಅದು ಯಾವಾಗ ಇಳಿಯುತ್ತದೆ ಅನ್ನುವುದು ಮರಿಯಿಂದ ಮರಿಗೆ ಬೇರೆ, ಒಂದೇ ಸೂಲಿನಲ್ಲೂ ಬೇರೆ. ಕೆಲವಕ್ಕೆ ಎಂಟು ವಾರಕ್ಕೆ, ಕೆಲವಕ್ಕೆ ಹನ್ನೆರಡು ದಾಟಿದ ಮೇಲೆ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾ ಹೋಗಿ, ಕೊನೆಯದನ್ನು ಹದಿನಾರು ವಾರ ತುಂಬಿದ ಮೇಲೆ ಕೊಡಬೇಕು. "ಎರಡು ಆಯ್ತು, ಸಾಕು" ಅನ್ನುವವರ ಮಾತು ಕೇಳಬೇಡಿ, ಅದು ಮಾರಿದವನೇ ಆಗಿರಲಿ. ರೇಬೀಸ್ ಮೂರು ತಿಂಗಳಿಗೆ. ಆಮೇಲಿನ ಬೂಸ್ಟರ್ ದಿನಾಂಕವನ್ನು ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಜಂತುಹುಳದ ಔಷಧಿಯನ್ನು ಮೊದಲ ಲಸಿಕೆಗೆ ಒಂದು ವಾರ ಮುಂಚೆ ಕೊಟ್ಟಿರಿ.

ಹಾಗಾದರೆ ಡಾಕ್ಟರಿಗೆ ಕೊಡುವ ದುಡ್ಡು ಯಾತಕ್ಕೆ? ಚುಚ್ಚಿದ್ದಕ್ಕಲ್ಲ, ಅಲ್ವಾ. ಚುಚ್ಚುವ ಮೊದಲು ಜ್ವರ ನೋಡುತ್ತಾರೆ, ಎದೆ ಕೇಳುತ್ತಾರೆ. ಹುಷಾರಿಲ್ಲದ ಮರಿಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಅಪರೂಪಕ್ಕೆ ಒಂದೊಂದು ಮರಿಗೆ ಲಸಿಕೆ ಒಗ್ಗದೆ ಮುಖ ಊದುತ್ತದೆ, ವಾಂತಿಯಾಗುತ್ತದೆ, ಒಸಡು ಬಿಳಿಚಿಕೊಂಡು ಕುಸಿದುಬೀಳುತ್ತದೆ. ಆಗ ಜೀವ ಉಳಿಸುವ ಅಡ್ರಿನಲಿನ್ ಇಂಜೆಕ್ಷನ್ ಬೇಕು, ಅದೂ ನಿಮಿಷಗಳಲ್ಲಿ. ನಿಮ್ಮ ಫ್ರಿಜ್‌ನಲ್ಲಿ ಅದು ಇರುತ್ತದಾ? ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಹೊರಗೆ ಕೂತಿರಿ ಅನ್ನುವುದು ಇದಕ್ಕೇ.

ಜೊತೆಗೆ ಲಸಿಕೆ ಪುಸ್ತಕ. ಬಾಟಲಿಯ ಸ್ಟಿಕ್ಕರ್, ದಿನಾಂಕ, ಸಹಿ, ಡಾಕ್ಟರ್ ನೋಂದಣಿ ಸಂಖ್ಯೆ, ಇಷ್ಟೂ ಇರಬೇಕು. ಪಾಲಿಕೆ ಲೈಸೆನ್ಸು, ರೈಲು, ಊರಿಗೆ ಹೋಗುವಾಗ ಬಿಡುವ ಬೋರ್ಡಿಂಗ್, ಎಲ್ಲರೂ ಕೇಳುವುದು ಅದನ್ನೇ. ನಾಳೆ ನಿಮ್ಮ ನಾಯಿ ಪಕ್ಕದ ಮನೆ ಮಗುವಿಗೆ ಹಲ್ಲು ತಾಗಿಸಿದರೆ "ನಾನೇ ಹಾಕಿದ್ದೆ" ಅಂದರೆ ಯಾರು ನಂಬುತ್ತಾರೆ? (ಹಾಗಾದರೆ ಪುಸ್ತಕ ಹುಡುಕುತ್ತಾ ಕೂರಬೇಡಿ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ.)

ಆದರೆ ಕ್ಲಿನಿಕ್‌ಗೂ ಒಂದು ಅಪಾಯ ಇದೆ. ಕಾಯಿಲೆ ಮರಿಗಳು ಬರುವುದೂ ಅಲ್ಲಿಗೇ. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದ ಮರಿಯನ್ನು ಕೆಳಗೆ ಬಿಡಬೇಡಿ. ಟವೆಲ್ ಹಾಸಿದ ಬುಟ್ಟಿಯಲ್ಲೋ ಮಡಿಲಲ್ಲೋ ಇಟ್ಟುಕೊಳ್ಳಿ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ, ನಿಮ್ಮ ಸರದಿ ಬರುವ ತನಕ ಗಾಡಿಯಲ್ಲೇ ಇರಿ.

ಹೋಗಲು ಆಗುವುದೇ ಇಲ್ಲ, ತೋಟದ ಮನೆ ದೂರ ಅನ್ನುವವರು ಡಾಕ್ಟರನ್ನೇ ಕರೆಸಿ. ಅದೇ ಸೂಲಿನ ಮರಿಗಳು ಅಕ್ಕಪಕ್ಕದ ಮೂರು ನಾಲ್ಕು ಮನೆಯಲ್ಲಿ ಇದ್ದರೆ ಒಂದೇ ದಿನ ಒಂದೇ ಕಡೆ ಸೇರಿಸಿ, ಬಂದು ಹೋಗುವ ಖರ್ಚು ಹಂಚಿಕೊಳ್ಳಿ. ನಾವು ಈಗ ಮಾಡುವುದು ಹೀಗೇ. ಡಾಕ್ಟರ್ ಐಸ್ ಹಾಕಿದ ಪೆಟ್ಟಿಗೆಯಲ್ಲಿ ಲಸಿಕೆ ತರುತ್ತಾರಾ ಅಂತ ಫೋನಿನಲ್ಲೇ ಕೇಳಿ, ಕೇಳಲು ಸಂಕೋಚ ಬೇಡ. ರೇಬೀಸ್ ಒಂದನ್ನಾದರೂ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸು ಬಹಳ ಕಡೆ ಪುಕ್ಕಟೆ ಹಾಕುತ್ತಾರೆ.

ಕೊನೆಯ ಡೋಸ್ ಆಗಿ ಎರಡು ವಾರ ಕಳೆಯುವ ತನಕ ಮರಿಯನ್ನು ಬೀದಿಯಲ್ಲಿ ಇಳಿಸಬೇಡಿ. ಹಾಗಂತ ಕೋಣೆಯಲ್ಲಿ ಕೂಡಿಹಾಕಲೂ ಬೇಡಿ, ಹೆದರುಪುಕ್ಕಲು ಆಗುತ್ತದೆ. ನಮ್ಮ ಈಗಿನ ಕರಿಯನನ್ನು ಎರಡು ತಿಂಗಳು ಹೆಗಲ ಮೇಲೆ ಹೊತ್ತು ಸಂತೆ, ಬಸ್‌ಸ್ಟ್ಯಾಂಡು ಎಲ್ಲ ತೋರಿಸಿದೆ. ಈಗ ಇಪ್ಪತ್ತೆಂಟು ಕೆಜಿ, ಇನ್ನೂ ಹೆಗಲೇ ಕೇಳುತ್ತಾನೆ.